ಲ್ಯಾಂಡ್‌ಮಾರ್ಕ್ ಹೇಳ್ರಿ

ಲ್ಯಾಂಡ್‌ಮಾರ್ಕ್ ಹೇಳ್ರಿ ಅಕ್ಕಾರ, ಅಂತಾನ ಮೌಲಾಲಿ ಫೋನಿನ್ಯಾಗ.
ಸೆಕ್ಟರ್ ಹೇಳೀನಿ, ಪ್ಲಾಟ್ ನಂಬರ್ ಹೇಳೀನಿ,
ನಕಾಶದಾಗ ಕೆಂಪು ಚುಕ್ಕಿ ನನ್ನ ಅಂಗಳದಾಗ ನಿಂತೈತಿ,
ಚುಕ್ಕಿ ಬುಡಕ ನಾನೂ ನಿಂತೀನಿ, ಒಂದು ಕೈಯಾಗ ಸೌಟು.
ಒಳಗ ಕುಕ್ಕರ್ ಸೀಟಿ ಮರತು ಎಂಟು ದಿನಾತು,
ಹಾವಿನಂಗ ಬುಸ್ ಅಂತೈತಿ.
ಅವನ ಚೀಲದಾಗ ಅದರ ರಬ್ಬರ್ ಐತಿ.

ನವನಗರದಾಗ ಏನಂತ ಗುರುತು ಹೇಳೂದೋ ತಮ್ಮಾ?
ಓಣಿ ಎಲ್ಲಾ ಒಂದ ಅಳತೀವು, ಪಟ್ಟಿ ಹಿಡದು ಗೆರಿ ಹೊಡದಂಗ.
ಬೇವಿನ ಗಿಡ ಅಂದ್ರ ಮನಿಗೊಂದು ಬೇವಿನ ಗಿಡ.
ನೀಲಿ ಗೇಟು ಅಂದೆ. ಎದುರಿನವರದೂ ನೀಲಿ,
ಹೋದ ದೀಪಾವಳಿಗೆ ನಮ್ಮ ಡಬ್ಬಿಯೊಳಗ ಉಳದ ಬಣ್ಣ
ನಾನ ಕರದು ಕೊಟ್ಟಿದ್ದೆ.

ಯಾರೂ ಕೇಳಿಲ್ಲ, ಆದ್ರೂ ಹೇಳತೀನಿ:
ಓಟಿಪಿ ಬರೂದು ಕನ್ನಡಕ ಸಿಗಲಾರದಾಗ.
ಸಂಗನಬಸೂನ ಅಂಗಡ್ಯಾಗಿನ ಆ ಮಾತಾಡೂ ಡಬ್ಬಿ
ಹನ್ನೆರಡು ರೂಪಾಯಿ ಬಂದಾವು ಅಂತ ಡಂಗರ ಸಾರತೈತಿ,
ನಾ ಇಂಗು ಕೊಂಡದ್ದು ಅರ್ಧ ಸೆಕ್ಟರಿಗೆ ಗೊತ್ತು.
ಮೊದಲ ಚಿಲ್ಲರೆ ಇಲ್ಲಂತ ಪೆಪ್ಪರಮಿಂಟ್ ಕೊಡತಿದ್ದ.
ಅದಕ್ಕೂ ಜಗಳಾ ತಗದಾಕಿ ನಾನ.
ಈಗ ಲೆಕ್ಕ ಪೈಸಾ ಬಿಡದ ಬರೋಬ್ಬರಿ ಐತಿ,
ಪೆಪ್ಪರಮಿಂಟ್ ಇಲ್ಲ.

ಮದವಿ ಕರಿಯೋಲೆ ವಾಟ್ಸಾಪಿನ್ಯಾಗ ಕಳಸತಾರ.
ಅದಕ್ಕ ಅರಿಷಿಣ ಕುಂಕುಮ ಹಚ್ಚಾಕ ಬರತೈತೇನು?
ನಾನೂ ಒಂದು ಹೆಬ್ಬಟ್ಟು ಒತ್ತಿ ಕೈ ತೊಳಕೊಂಡೆ.

ಫೋನ್ ತಾ ಇಲ್ಲೆ, ಅಂದರು ನಮ್ಮತ್ತಿಯಾರು.
ಎಂಬತ್ತರ ಹತ್ರ, ಕಿವಿ ಮಂದ, ಹಂಗಾಗಿ ದನಿ ದೊಡ್ಡದು.
ಗಾಣದವರ ಮನೀನೋ! ಕಿಲ್ಲಾದಾಗಿನ ಗಾಣದವರು!
ನಾನು ಹಣಿ ಬಡಕೊಂಡೆ.
ಆ ಗಾಣ, ಆ ಓಣಿ, ಕುಂಡರೂ ಕಟ್ಟಿ, ಎಲ್ಲಾ ಹಿನ್ನೀರಾಗ ಮುಳಗಿ
ಮೀನಾ ಹೊಕ್ಕು ಹೊಂಟು ಎಷ್ಟು ವರ್ಷಾತು,
ಯಾವ ನಕಾಶದಾಗ ಹುಡುಕ್ಯಾನು ಈ ಹುಡುಗ?

ಐದ ನಿಮಿಷಕ್ಕ ಗೇಟು ಸಪ್ಪಳಾತು.
ಅಲ್ಲೆ ನಳದ ಹತ್ರ ಹೆಣಮಕ್ಕಳನ್ನ ಕೇಳಿದ್ನಂತ
ಗಾಣದವರು ಎಲ್ಲಿರತಾರ ಅಂತ.
ನಾಕೂ ಮಂದಿ ಒಂದ ಕಡೆ ಬೆರಳ ಮಾಡಿದ್ರಂತ.

ಫೈವ್ ಸ್ಟಾರ್ ಕೊಡ್ರಿ ಅಕ್ಕಾರ, ಅಂದ.
ಕೊಟ್ಟೆ. ಅತ್ತಿಗೆ ಕೊಡಾಕ ಅದರಾಗ ಜಾಗಾ ಇರಲಿಲ್ಲ.

ರಬ್ಬರ್ ಐದು ಲೀಟರಿಂದು. ನಮ್ಮದು ಮೂರರದು.
ಹೊಳ್ಳಿ ಕಳಸತೀನಿ ಅಂತ ಒತ್ತೀನಿ.
ನಾಳೆ ಒಯ್ಯಾಕ ಇನ್ನೊಬ್ಬ ಬರತಾನಂತ,
ಬರೂ ಮೊದಲ ಫೋನ್ ಮಾಡತಾನಂತ.
ಅತ್ತಿಯಾರು ಈಗಿಂದನ ಫೋನ್ ಬಾಜೂಕ ಕುಂತಾರ.