ಎಡಸುಳಿ, ಬಲಸುಳಿ

ತಾರ್ತು ಊರಿನಾಚೆ, ದಿಬ್ಬದ ಮೇಲಿನ ವೀಕ್ಷಣಾಲಯದಲ್ಲಿ
ಮೈಮು ಕೂಸಿಕ್‌ಗೆ ಎಣಿಸುವ ಕೆಲಸ.
ಗಾಜಿನ ಫಲಕದಲ್ಲಿ ಆಕಾಶ ಅದಲುಬದಲು:
ಇರುಳು ಬೆಳ್ಳಗೆ, ಚುಕ್ಕಿ ಕಪ್ಪಗೆ.
ಭೂತಗನ್ನಡಿಗೆ ಕಣ್ಣು ಹಚ್ಚಿ ಕೂತರೆ
ಎಳ್ಳುಕಾಳಿನಷ್ಟು ದೊಡ್ಡ ಗ್ಯಾಲಕ್ಸಿಗಳು,
ಕೂಸಿನ ನೆತ್ತಿಯ ಸುಳಿಯ ಹಾಗೆ
ಕೆಲವು ಎಡಕ್ಕೆ, ಕೆಲವು ಬಲಕ್ಕೆ.
ಎಡಕ್ಕೊಂದು ಗೀಟು, ಬಲಕ್ಕೊಂದು ಗೀಟು,
ಐದಾದರೆ ಅಡ್ಡಗೆರೆ.
ಹನ್ನೊಂದು ವರ್ಷದಿಂದ.

ಯಾಕೆ ಅಂತ ಅವಳು ಕೇಳಿರಲಿಲ್ಲ.
ಈ ಚಳಿಗಾಲ ಹೊಸದಾಗಿ ಬಂದ ರೈವೊ,
ಗಣಿತದವನು, ಗಡ್ಡ ಇನ್ನೂ ಸರಿಯಾಗಿ ಬಾರದವನು,
ಕಾಫಿ ಲೋಟದಲ್ಲಿ ಚಮಚ ತಿರುವುತ್ತ ಹೇಳಿದ:
"ಎಡ ಬಲ ಸಮ ಬಂದರೆ ಏನೂ ಇಲ್ಲ.
ಒಂದು ಕಡೆ ಜಾಸ್ತಿ ಬಂತೋ,
ಇಡೀ ವಿಶ್ವವೇ ತಿರುಗುತ್ತಿರಬಹುದು."
"ಯಾವುದರ ಸುತ್ತ?"
"ಯಾವುದರ ಸುತ್ತಲೂ ಅಲ್ಲ. ಎಲ್ಲಿ ನಿಂತರೂ ಅದೇ ನಡು.
ನೀವು ಕೂತ ಈ ಕುರ್ಚಿ ಕೂಡ."

ಮತ್ತೆ, ಸಕ್ಕರೆ ಕರಗುವಷ್ಟು ಹೊತ್ತು ತಡೆದು,
"ಅಂಥ ವಿಶ್ವದಲ್ಲಿ ಪ್ರತಿ ಗಳಿಗೆಯ ಮುಂದೂ
ನಾಳೆ ಲಾಳಿಕೆಯ ಹಾಗೆ ಬಾಯ್ತೆರೆದಿರುತ್ತದೆ.
ದೂರ ಹೋದಷ್ಟೂ ಲಾಳಿಕೆ ವಾಲುತ್ತದೆ.
ಇನ್ನೂ ದೂರ ಹೋದರೆ ಮಲಗಿಯೇಬಿಡುತ್ತದೆ.
ಬೆಳಕಿಗಿಂತ ಜೋರಾಗಿ ಓಡಬೇಕಿಲ್ಲ,
ಒಂದು ಹೆಜ್ಜೆಯನ್ನೂ ಹಿಂದಕ್ಕೆ ಇಡಬೇಕಿಲ್ಲ,
ಮುಂದೆ ಮುಂದೆ ಹೋಗುತ್ತಲೇ ಒಂದು ಸುತ್ತು ಬಂದರೆ
ಹೊರಟದ್ದಕ್ಕಿಂತ ಮೊದಲೇ ಬಂದು ತಲುಪಬಹುದು."
"ಬುತ್ತಿ ಎಷ್ಟು ದಿನಕ್ಕೆ ಕಟ್ಟಬೇಕು?" ಅಂದಳು ಮೈಮು.
ಹುಡುಗ ನಕ್ಕ.
ಅವಳು ನಕ್ಕಿರಲಿಲ್ಲ.

*

ಮಾರ್ಚಿಯಲ್ಲಿ ಪೈಪ್ಸಿ ಸರೋವರ ಸುಳ್ಳು ಹೇಳುತ್ತದೆ:
ಮೇಲೆ ಗಟ್ಟಿ ಹಿಮ, ಒಳಗೆ ನೀರಿನ ಗೊಣಗು.
ಆ ಬೆಳಗ್ಗೆ ಕಾಲ್ಯೊ ಮೀನಿಗೆ ಹೊರಟಿದ್ದ,
ಹೆಗಲ ಮೇಲೆ ಬೈರಿಗೆ,
ಕೈಲಿ ಮುಚ್ಚಳವಿಲ್ಲದ ಫ್ಲಾಸ್ಕು.
"ಮುಚ್ಚಳ ಎಲ್ಲಿ?" ಅಂದ.
ಹಿಂದಿನ ರಾತ್ರಿಯ ಜಗಳ ಇನ್ನೂ ಆರಿರಲಿಲ್ಲ.
ಒಲೆಯ ಕಡೆ ಮುಖ, ಬಾಗಿಲ ಕಡೆ ಬೆನ್ನು,
"ಇಟ್ಟಲ್ಲಿ ಇರುತ್ತೆ" ಅಂದಳು.
ಮುಚ್ಚಳ ಅವಳ ಜೇಬಿನಲ್ಲೇ ಇತ್ತು.
ಬಾಗಿಲು ಹಾಕಿಕೊಂಡಿತು.

ಮೂರನೇ ದಿನ ಸಿಕ್ಕಿದ್ದು
ಬೈರಿಗೆ ಬಲಕ್ಕೆ ತಿರುಗಿ ಕೊರೆದ ಒಂದು ತೂತು,
ದುಂಡಗೆ, ಅಂಚು ನುಣುಪಾಗಿ;
ಅಲ್ಲಿಂದ ಹತ್ತು ಮಾರು ದೂರದಲ್ಲಿ
ಇನ್ನೊಂದು,
ಯಾರೂ ಕೊರೆಯದ್ದು.

*

ಅವನನ್ನು ತಡೆಯಬೇಕು ಅಂತಲೂ ಅಲ್ಲ.
ಬೇಡ ಅಂದರೆ ಕೇಳುವ ಆಸಾಮಿಯಲ್ಲ ಅವನು.
ಆ ಅಡುಗೆಮನೆಗೆ, ಆ ಆರೂಕಾಲು ಗಂಟೆಗೆ
ಕೋಟಿ ಕೋಟಿ ವರ್ಷ ನಡೆದು ಹೋಗಿ
ಒಲೆ ಮುಂದೆ ನಿಂತ ಹೆಂಗಸಿನ ಭುಜ ಹಿಡಿದು
ಬಾಗಿಲ ಕಡೆ ತಿರುಗಿಸಬೇಕು.
ಅರ್ಧ ಸುತ್ತು.
ವಿಶ್ವ ಅಷ್ಟು ತಿರುಗಿದರೂ ಸಾಕು.

ಕೊನೆಯ ಫಲಕ ಮುಗಿದದ್ದು ಒಂದು ಶುಕ್ರವಾರ.
ಎಡ: ನಾಲ್ಕು ಸಾವಿರದ ಮುನ್ನೂರ ಹನ್ನೆರಡು.
ಬಲ: ನಾಲ್ಕು ಸಾವಿರದ ಮುನ್ನೂರ ಐದು.
"ಏಳು ಲೆಕ್ಕಕ್ಕಿಲ್ಲ," ಅಂದ ರೈವೊ,
"ನಾಣ್ಯ ಚಿಮ್ಮಿದರೂ ಇಷ್ಟು ಹೆಚ್ಚುಕಮ್ಮಿ ಬರುತ್ತೆ.
ತಿರುಗುತ್ತಿಲ್ಲ. ತಿರುಗಿದರೂ ನಮ್ಮ ಕಣ್ಣಿಗೆ ಸಿಗುವಷ್ಟಲ್ಲ."
ಕೋಟು ಹಾಕಿಕೊಂಡು ಬಸ್ಸಿಗೆ ಹೊರಟ.

ಮೈಮು ಫಲಕವನ್ನು ದೀಪದ ಮೇಲಿಂದ ಎತ್ತಿ
ಮಗುಚಿ ಇಟ್ಟಳು.
ಎಡವೆಲ್ಲ ಬಲವಾಯಿತು, ಬಲವೆಲ್ಲ ಎಡ.
ಆಚೆ ಕಡೆಯಿಂದ ನೋಡುವವರ ಲೆಕ್ಕ ಹೀಗಿರಬೇಕು.
ಮೂಲೆಯಲ್ಲಿ ಒಂದು ಮಾತ್ರ ಬದಲಾಗಲಿಲ್ಲ:
ಅಂಚಷ್ಟೇ ತೋರಿಸಿ ಮಲಗಿದ್ದು, ಸೂಜಿಯಷ್ಟು ತೆಳ್ಳಗೆ,
ಎತ್ತ ತಿರುಗುತ್ತದೆಂದು ಯಾವ ಮಗ್ಗುಲಿಂದಲೂ ಹೇಳದ್ದು.
ಅದಕ್ಕೆ ಯಾವ ಪಟ್ಟಿಯಲ್ಲೂ ಗೀಟಿಲ್ಲ.

ಬೆನ್ನ ಹಿಂದೆ ಬಾಗಿಲು ಕಿರ್ರೆಂದಿತು. ತಣ್ಣನೆ ಗಾಳಿ.
"ನನ್ನ ಕೈಗವಸು ಇಲ್ಲೇ ಬಿಟ್ಟೆನಾ?"
ಭೂತಗನ್ನಡಿ ಕೆಳಗಿಟ್ಟು
ಮೈಮು
ಕುರ್ಚಿ ಸಮೇತ
ತಿರುಗಿದಳು.