ಯಾವ ಭಾಷೆಯಲ್ಲಾದರೂ ಸರಿ

ಬ್ಯಾಡ್ಜಿನ ಅಗಲ ಸಾಲದೆ
ಭ್ರಮರಾಂಬ ಎಂಬ ಹೆಸರು ಅರ್ಧಕ್ಕೇ ತುಂಡಾಗಿ
ಭ್ರಮ ಎಂದಷ್ಟೇ ಅಚ್ಚಾಗಿ ಬಂದಿತ್ತು.
ಎರಡು ದಿನ ಆ ಹೋಟೆಲಿನ ನೆಲಮಾಳಿಗೆಯಲ್ಲಿ
ಹಾಗೇ ಕರೆದರು. ನಾನೂ ಓಗೊಟ್ಟೆ.

ಹೊರಗೆ ಲೀಡ್ಸ್. ಕಾಲುವೆಯ ಮೇಲೆ ತೆಳ್ಳಗೆ ಮಂಜುಗಡ್ಡೆ,
ನಡೆದು ನೋಡಲು ಹೋಗಿ ಜಾರಿದ ಬಾತು.
ಒಳಗೆ ಹದಿನೇಳು ಜನ. ಯುರೋಪಿನ ಪೇಟೆಂಟ್ ಪರೀಕ್ಷೆಗೆ
ಇನ್ನು ಐದೇ ವಾರ.
ಹಳದಿ, ಗುಲಾಬಿ ಚೀಟಿ ಅಂಟಿಸಿ ಅಂಟಿಸಿ
ನಿಯಮದ ಪುಸ್ತಕಕ್ಕೆ ಗರಿ ಮೂಡಿದಂತಿದೆ.
ಹಾರುವುದಿಲ್ಲ, ಅಷ್ಟೆ.

"ಒಕ್ಕೂಟ ಬಿಟ್ಟು ಬಂದೆವು, ಈ ಒಪ್ಪಂದ ನಮ್ಮನ್ನು ಬಿಟ್ಟಿಲ್ಲ"
ಎನ್ನುತ್ತ ಮಿಸೆಸ್ ಹೆಬಲ್‌ತ್ವೇಟ್
ಮರದ ಬಟ್ಟೆ ಕ್ಲಿಪ್ಪೊಂದನ್ನು ಮೇಜಿನ ಮೇಲಿಟ್ಟರು.
"ಹೆಸರು ಹೇಳದೆ ಇದನ್ನು ಹೇಳಿ.
ಒಂದೊಂದು ಮಾತು ಕೂಡಿಸಿದಾಗಲೂ
ನಿಮ್ಮ ಬೇಲಿ ಒಂದು ಗೇಣು ಒಳಗೆ ಸರಿಯುತ್ತದೆ.
ಮರ ಎಂದಿರೋ, ನಾಳೆ ಪ್ಲಾಸ್ಟಿಕ್ಕಿನವನು
ನಿಮ್ಮ ಕಣ್ಣೆದುರೇ ನಗುತ್ತ ಹೋಗುತ್ತಾನೆ."

ಎಲ್ಲರೂ ಬರೆದರು: ಜೋಡಿ ಭುಜಗಳು, ಅವನ್ನು
ಒಂದರತ್ತ ಒಂದು ಒತ್ತಿಹಿಡಿವ ಸಾಧನ.
ನನ್ನ ಪೆನ್ನು ಯಾಕೋ ಹಳೇ ಚಾಳಿಗೆ ಬಿದ್ದು
ಒಗಟು ಕಟ್ಟಿತು:
ಕಾಲು ಹಿಸುಕಿದರೆ ಬಾಯಿ ಬಿಡುತ್ತಾನೆ,
ಬಿಟ್ಟರೆ ಅಂಗಿ ಕಚ್ಚುತ್ತಾನೆ, ಯಾರವನು?
ಹೊಡೆದುಹಾಕಿ, ನಾನೂ ಭುಜಗಳನ್ನೇ ಬರೆದೆ.

ಮಧ್ಯಾಹ್ನ 'ನುರಿತವನ' ಪಾಠ.
ಕಾನೂನು ಹೆತ್ತ ಮನುಷ್ಯ. ಊರಿಲ್ಲ, ವಯಸ್ಸಿಲ್ಲ,
ಲೋಕದ ಕಾಗದವನ್ನೆಲ್ಲ ಓದಿ ಮುಗಿಸಿದ್ದಾನೆ,
ಸ್ವಂತದ್ದೊಂದು ಎಂದೂ ಹೊಳೆಯುವುದಿಲ್ಲ.
"ನಮ್ಮ ಆಫೀಸಿನ ಯಜಮಾನ" ಎಂದಳು ಇಫೆಯಿನ್ವಾ ಮೆಲ್ಲಗೆ.
ನಕ್ಕದ್ದಕ್ಕೆ ಬಿಸ್ಕತ್ತಿನ ಪುಡಿ ನೆತ್ತಿಗೇರಿತು.

ಚಹದ ಹಂಡೆಯ ಬಳಿ ಗ್ಲಿನ್.
ಸ್ವಾನ್ಸೀಯವನು, ಐವತ್ತೊಂದು ವಯಸ್ಸು,
ನಾಲ್ಕು ಸಲ ಪರೀಕ್ಷೆಗೆ ಕೂತೆದ್ದವನು.
ಅವನಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರು;
ಸೋರುವ ಪೈಪಿಗೊಂದು ಪಟ್ಟಿ ಕಂಡುಹಿಡಿದನಂತೆ
ಅಡುಗೆಮನೆಯ ಮೇಜಿನ ಮೇಲೆ, ಹೆಂಡತಿಯ ಬೈಗುಳದ ನಡುವೆ.
ಖುಷಿ ತಡೆಯಲಾರದೆ
ಬರ್ಮಿಂಗ್‌ಹ್ಯಾಮಿನ ಪ್ರದರ್ಶನಕ್ಕೆ ಹೊತ್ತೊಯ್ದು
ಬಂದವರಿಗೆಲ್ಲ ಬಿಚ್ಚಿ, ಜೋಡಿಸಿ, ಬಿಚ್ಚಿ ತೋರಿಸಿದ.
ಅರ್ಜಿ ಹಾಕಿದ್ದು ಹತ್ತೊಂಬತ್ತು ದಿನ ಕಳೆದು.
ವರ್ಷ ಬಿಟ್ಟು ಬಂದ ಉತ್ತರ: ಹೊಸತಲ್ಲ.
ಅವನ ವಿರುದ್ಧ ಲಗತ್ತಿಸಿದ ಸಾಕ್ಷಿ
ಅವನೇ ಹಂಚಿದ ಕರಪತ್ರ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.
ನಮ್ಮವರ ಈ ಗಾದೆಗೆ ಇಲ್ಲಿ
ಕಲಮಿನ ಸಂಖ್ಯೆ ಕೊಟ್ಟಿದ್ದಾರೆ.

"ನಿನ್ನಲ್ಲೇ ಇರಲಿ" ಅಂದ ಗ್ಲಿನ್, ಕಪ್ಪಿನೊಳಗೆ ನೋಡುತ್ತ.
ಗುಟ್ಟಾಗಿ ಹೇಳಿದ್ದು ಬಹಿರಂಗವಲ್ಲ;
ಬೆಳಗ್ಗೆ ತಾನೇ ಇಬ್ಬರೂ ಬರೆದುಕೊಂಡಿದ್ದೆವು.

ಕೊನೆಯ ಗಂಟೆಯಲ್ಲಿ ಕೈಯೆತ್ತಿದೆ.
ಇರುವುದು ಒಂದೇ ಪ್ರತಿಯಾದರೆ? ಯಾರೂ ಹೋಗದ ಲೈಬ್ರರಿಯಲ್ಲಿ?
"ಕಪಾಟು ಏರಿದ ದಿನವೇ ಲೋಕಕ್ಕೆ ತಿಳಿದಂತೆ."
ಒಬ್ಬರೂ ಓದಿರದಿದ್ದರೆ?
"ಓದಬಹುದಿತ್ತಲ್ಲ, ಸಾಕು."
ಕನ್ನಡದಲ್ಲಿದ್ದರೆ?
ಆಕೆ ಕನ್ನಡಕ ತೆಗೆದು, ಒರೆಸಿ,
"ಯಾವ ಭಾಷೆಯಲ್ಲಾದರೂ ಸರಿ, ಭ್ರಮ."

ಇಪ್ಪತ್ತು ವರ್ಷ ಈ ದೇಶದಲ್ಲಿ ಎಷ್ಟು ಫಾರಂ ತುಂಬಿದ್ದೇನೆ,
ಭಾಷೆಯ ಸಾಲಿನಲ್ಲಿ 'ಇತರೆ' ಎಂಬ ಚೌಕಕ್ಕೆ ಗೀಟು ಹಾಕುತ್ತ.
ಈ ಕಟುಕ ಕಲಮು ಒಂದೇ
ನನ್ನ ಮಾತಿಗೆ ಹೆದರುವುದು.

ರಾತ್ರಿ ರೈಲು ವೇಕ್‌ಫೀಲ್ಡ್ ದಾಟಿದ ಮೇಲೆ
ಕೋಟಿನ ಜೇಬಿನಲ್ಲಿ ಕ್ಲಿಪ್ಪು ಸಿಕ್ಕಿತು.
ಯಾವಾಗ ಕದ್ದೆನೋ.
ಹಿಸುಕಿದೆ, ಬಾಯಿ ಬಿಟ್ಟಿತು.
ಗ್ಲಿನ್, ಇಷ್ಟನ್ನು ಬರೆದುಬಿಟ್ಟಿದ್ದೇನೆ, ಕ್ಷಮಿಸು.
ಕಪಾಟು ಇನ್ನೂ ಏರಿಲ್ಲ.