ಲೆಕ್ಕಕ್ಕುಂಟು, ಆಟಕ್ಕಿಲ್ಲ

ಉತೆನಾ ಊರಲ್ಲಿ ಜನವರಿಗೆ ನಾಲ್ಕು ಗಂಟೆಗೇ ಕತ್ತಲು.
ಒಳಾಂಗಣದ ಹೀಟರು ಕೆಮ್ಮಿ ಕೆಮ್ಮಿ ಕಾಯುತ್ತದೆ.
ಬೆಂಚಿನ ತುದಿಯಲ್ಲಿ, ನೀರಿನ ಬಾಟಲಿಗಳ ಪಕ್ಕ,
ಲ್ಯಾಪ್‌ಟಾಪು ಮಡಿಲಲ್ಲಿಟ್ಟು ಕೂತವಳು ನಾನು, ಐಸ್ತೆ:
ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಯಾರು ಎಲ್ಲಿಂದ ಎಸೆದರು,
ಯಾರ ಕೈ ಯಾರ ಕಣ್ಣಿಗೆ ಅಡ್ಡ ಬಂತು,
ಓಡಬೇಕಾದಲ್ಲಿ ಯಾರು ನಡೆದರು.
ಅಂಗಿಯೊಳಗೆ, ಬೆನ್ನೆಲುಬಿನ ಮೇಲೆ
ಬೆಂಕಿಪೊಟ್ಟಣದಷ್ಟು ಯಂತ್ರ.
ಹನ್ನೆರಡು ಬೆನ್ನುಗಳು ನನ್ನೊಡನೆ ಮಾತಾಡುತ್ತವೆ,
ಮುಖಗಳು ಮಾತಾಡುವುದು ಕಡಿಮೆ.

ಕೋಚ್ ಸ್ಕಿರ್ಮಾಂತಾಸ್ ಮೊದಲ ವರ್ಷ
ನನ್ನ ಹಾಳೆಗಳ ಮೇಲೆ ಹೆರಿಂಗ್ ಮೀನಿಟ್ಟು ತಿಂದರು.
ಎರಡನೇ ವರ್ಷ ಒಂದು ಹಾಳೆ ಓದಿದರು.
ಮೂರನೇ ವರ್ಷ ಗೋಂದುಪಟ್ಟಿ ತಂದು,
ಕಬ್ಬಿಣದ ಬಳೆಗೆ ಹತ್ತಿರವೂ ಅಲ್ಲದ ದೂರವೂ ಅಲ್ಲದ
ನಡುವಿನ ನೆಲಕ್ಕೆಲ್ಲ ಅಡ್ಡಡ್ಡ ಅಂಟಿಸಿ ಗುಡುಗಿದರು:
"ಇಲ್ಲಿಂದ ಎಸೆದವನು ಬಸ್ಸು ತೊಳೆಯಬೇಕು!"

ಆ ನಡುವಿನ ನೆಲದಲ್ಲೇ
ಹದಿನಾರು ವರ್ಷ ಬಾಳಿದವನು ದೌಮಾಂತಾಸ್.
ಎರಡು ಸಲ ಚೆಂಡು ಪುಟಿಸಿ, ಜಿಗಿದು,
ಗಾಳಿಗೆ ಒರಗಿದವನಂತೆ ಅರೆಗಳಿಗೆ ನಿಂತು
ಕಾಗದ ಮಡಚುವಷ್ಟು ಮೆತ್ತಗೆ ಬಿಡುತ್ತಿದ್ದ.
ಊರ ಹುಡುಗರೆಲ್ಲ ಗ್ಯಾರೇಜಿನ ಗೋಡೆಯೆದುರು
ಅದನ್ನೇ ಕಲಿತವರು. ನಾನೂ.
ನೂರು ಎಸೆತಕ್ಕೆ ಎಪ್ಪತ್ತಾರು ಅಂಕ.
ಸಾಲದು, ಎಂದಿತು ನನ್ನ ಕೋಷ್ಟಕ.
ಚಂದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಬಸ್ಸು ತೊಳೆದ. ಎರಡು ಸಲ.
ಒರೆಸುವ ಮೊದಲೇ ನೀರು ಗಾಜಿನ ಮೇಲೆ ಹೆಪ್ಪುಗಟ್ಟಿತು.

ಫೆಬ್ರವರಿಯಲ್ಲಿ ಅವನ ಬಲಗಾಲಿನ ಗೆರೆ
ಪರದೆಯ ಮೇಲೆ ಇಳಿಯತೊಡಗಿತು.
ಜಿಗಿತ ನಾಲ್ಕು ಸೆಂಟಿಮೀಟರ್ ಕಡಿಮೆ,
ನೆಲಕ್ಕೆ ಬಂದಾಗ ಭಾರವೆಲ್ಲ ಎಡಕ್ಕೆ.
ಒಬ್ಬನಿಗೆ ವಯಸ್ಸಾಗುತ್ತಿರುವುದು
ಅವನಿಗಿಂತ ಮೊದಲು ನನಗೆ ತಿಳಿಯಿತೆಂದುಕೊಂಡೆ.
ಮೂರು ರಾತ್ರಿ ಆ ಫೈಲು ತೆರೆದೆ, ಮುಚ್ಚಿದೆ,
ಪಕ್ಕದ ಮನೆಯ ಕಾಗದ ಒಡೆದು ಓದಿದವಳ ಹಾಗೆ.

ಕೊನೆಗೆ ಬಸ್ಸಿನಲ್ಲಿ ಹೇಳಿದೆ.
ಉಪ್ಪಿನ ಸೌತೆಕಾಯಿ ಕಚ್ಚುತ್ತಿದ್ದವ ನಕ್ಕುಬಿಟ್ಟ.
"ನನ್ನ ಹೆಂಡತಿ ಅಕ್ಟೋಬರಿನಲ್ಲೇ ಹೇಳಿದಳು.
ನಾಲ್ಕನೇ ಮಹಡಿ, ಲಿಫ್ಟಿಲ್ಲ.
ಒಲೆಯ ಮುಂದೆ ನಿಂತೇ ಸದ್ದು ಕೇಳಿದ್ದಾಳೆ:
ನಿನ್ನ ಬಲಗಾಲು ಈಗ ಅಪ್ಪಣೆ ಕೇಳಿ ಹತ್ತುತ್ತದೆ, ಅಂದಳು.
ಇರಲಿ. ನಿನ್ನ ಪೆಟ್ಟಿಗೆಯಲ್ಲಿ ನನಗೆ ಏನು ಉಳಿದಿದೆ, ತೋರಿಸು."

ತೋರಿಸಿದೆ: ಬಲಮೂಲೆ.
ಮೂರಂಕದ ಗೆರೆ ಬಳೆಗೆ ತೀರ ಹತ್ತಿರ ಬರುವ ಜಾಗ.
ಎತ್ತರಕ್ಕೆ ಜಿಗಿಯಬೇಕಿಲ್ಲ, ನಿಂತರೆ ಸಾಕು.
"ನಿಲ್ಲುವುದಾ?" ಎಂದ,
ಬೇರೆ ಭಾಷೆಯ ಶಬ್ದ ಕೇಳಿದವನಂತೆ.

ನಿಂತ. ಮೂರು ಪಂದ್ಯ,
ಸಾಲ ಕೇಳಲು ಬಂದು ಹೊಸ್ತಿಲಲ್ಲೇ ಉಳಿದವನ ಹಾಗೆ.
ಹನ್ನೊಂದು ಸಲ ಅವನ ಸುತ್ತ ಯಾರೂ ಇರಲಿಲ್ಲ,
ಹನ್ನೊಂದು ಸಲವೂ ಚೆಂಡು ಬರಲಿಲ್ಲ.
ಆ ಹನ್ನೊಂದನ್ನು ಕೋಚ್ ಮೇಜು ಗುದ್ದಿ ಗುದ್ದಿ ಎಣಿಸಿದರು.
ಚೆಂಡು ನಡೆಸುವ ಹುಡುಗ ಯೋರಿಸನ ಕಿವಿ ಕೆಂಪಾಯಿತು.

ನಾಲ್ಕನೇ ಪಂದ್ಯ. ಒಂಬತ್ತು ಸೆಕೆಂಡು, ಎರಡಂಕ ಹಿಂದೆ.
ಯೋರಿಸ್ ಗುಂಪಿನೊಳಕ್ಕೆ ನುಗ್ಗಿದ,
ನೋಡದೆಯೇ ಮೂಲೆಗೆ ದಾಟಿಸಿದ.
ದೌಮಾಂತಾಸ್ ಹಿಡಿದ, ಬಿಟ್ಟ.
ಬಳೆಯ ಅಂಚಿನ ಮೇಲೆ ಒಂದು ಸುತ್ತು,
ಇನ್ನೂ ಅರ್ಧ ಸುತ್ತು,
ಹೊರಗೆ.

ಸೋತೆವು. ಡೋಲು ಬಡಿಯುತ್ತಿದ್ದವರು
ಕೋಲುಗಳನ್ನು ಕೋಟಿನ ಜೇಬಿಗಿಳಿಸಿದರು.
ನಾನು ಬರೆದೆ: ಬಲಮೂಲೆ. ಅಡ್ಡ ಯಾರೂ ಇಲ್ಲ. ಒಳ್ಳೆಯ ಎಸೆತ.
ಹೆಗಲ ಮೇಲಿಂದ ಬಗ್ಗಿ ಕೋಚ್ ಓದಿದರು,
ಹೆರಿಂಗಿನ ವಾಸನೆ.
ಅಳಿಸು ಅನ್ನಲಿಲ್ಲ.

ಆಚೆ, ಬಟ್ಟೆ ಬದಲಿಸುವ ಕೋಣೆಯ ಮೆಟ್ಟಿಲಲ್ಲಿ
ಇಳಿಯುವ ಸದ್ದು: ಎಡ ಗಟ್ಟಿ, ಬಲ ಮೆತ್ತಗೆ.
ಅಭ್ಯಾಸಬಲ, ಎಣಿಸಿದೆ.
ಹದಿನಾಲ್ಕು.